ಬೆನ್ನು ತಿರುಗಿಸಬಾರದ ಮನೆ

ನಮ್ಮ ಮನೆಯ ಬಾಗಿಲು ಬಡಿದು ಪ್ರಯೋಜನವಿರಲಿಲ್ಲ. ಗೊತ್ತಿದ್ದವರು ಬಾಗಿಲ ಪಕ್ಕದ ಕಿಟಕಿಯೊಳಗೆ ಕೈ ಹಾಕಿ, ಅಲ್ಲಿ ಜೋತುಬಿದ್ದಿದ್ದ ಹುರಿಯನ್ನು ಎಳೆಯುತ್ತಿದ್ದರು. ಆ ಹುರಿ ನಡುಮನೆಯ ತೊಲೆಯ ಮೇಲೆ ಹಾದು, ಅಡುಗೆಮನೆಯ ಗೋಡೆಯ ತೂತಿನಿಂದ ಇಳಿದು, ಒಲೆಯ ಎದುರಿಗೇ ಕಟ್ಟಿದ್ದ ಕೆಂಪು ಬಟ್ಟೆಯ ಚಿಂದಿಯೊಂದನ್ನು ಕುಣಿಸುತ್ತಿತ್ತು. ಚಿಂದಿ ಕುಣಿದರೆ ಗೌರತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲು ತೆಗೆಯುವಳು. ಅಪ್ಪ ಮಾಡಿದ ಏರ್ಪಾಡು ಅದು. ಹಲಸೂರಿನ ಪೇಟೆ ಬೀದಿಯ ಹಿಂದಿನ ಗಲ್ಲಿಯಲ್ಲಿ ಅಂಥ ಹುರಿ ಇದ್ದದ್ದು ನಮ್ಮ ಮನೆಗೊಂದಕ್ಕೇ ಎನ್ನುವುದು ನನಗೆ ಬಹಳ ಕಾಲ ತಿಳಿದಿರಲಿಲ್ಲ. ಮೊದಲ ಸಲ ಒಬ್ಬಳೇ ಪಕ್ಕದ ಮನೆಗೆ ಹೋದಾಗ ಅವರ ಕಿಟಕಿಯ ಸರಳುಗಳಲ್ಲೆಲ್ಲ ಕೈಯಾಡಿಸಿ, ಹುರಿ ಸಿಗದೆ, ಇವರು ಬಡವರಿರಬೇಕು ಎಂದುಕೊಂಡು ವಾಪಸು ಬಂದಿದ್ದೆ.

ಗೌರತ್ತೆ ಅಪ್ಪನ ತಂಗಿ. ನನ್ನ ಅಮ್ಮ, ನಾನು ಅವಳ ಮುಖ ಗುರುತಿಟ್ಟುಕೊಳ್ಳುವ ಮೊದಲೇ ತೀರಿಕೊಂಡಳು. ಅಪ್ಪ ಮಿಲಿಟರಿ ಡಿಪೋದ ಸ್ಟೋರಿನಲ್ಲಿ ಕೆಲಸಕ್ಕಿದ್ದರು, ಯುದ್ಧದ ಕಾಲವಾದ್ದರಿಂದ ಬೆಳಗಾಗುತ್ತಲೇ ಹೋದರೆ ದೀಪ ಹಚ್ಚಿದ ಮೇಲೆ ಬರುವರು. ಹಾಗಾಗಿ ನನ್ನನ್ನು ಸಾಕಿದವಳು ಗೌರತ್ತೆ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅವಳ ಕಿವಿಯನ್ನು ಪೂರ್ತಿ ತೆಗೆದುಕೊಂಡು ಹೋಗಿತ್ತು. ಆದರೆ ಆ ಮೂರು ಕೋಣೆಗಳ ಮನೆಯಲ್ಲಿ ಏನೋ ಒಂದು ಕೊರತೆ ಇದೆ ಎಂದು ನನಗೆ ಎಂದೂ ಅನ್ನಿಸಿದ್ದಿಲ್ಲ. ಮನೆಗೆ ಅದರದೇ ಮ್ಯಾನರ್ಸ್ ಇತ್ತು, ಅಷ್ಟೆ. ಮಾತಾಡುವವರು ಬೆಳಕಿನಲ್ಲಿ ನಿಲ್ಲಬೇಕು. ಬಾಯಲ್ಲಿ ಅನ್ನವಿಟ್ಟುಕೊಂಡು ಮಾತಾಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮಾತಿನ ನಡುವೆ ಬೆನ್ನು ತಿರುಗಿಸಬಾರದು. ಬೆನ್ನು ತಿರುಗಿಸಿದರೆ ನೀನು ಹೇಳುವುದು ನನಗೆ ಬೇಡ, ನೀನೇ ಬೇಡ ಎಂದ ಹಾಗೆ. ಒಮ್ಮೆ ಅಪ್ಪ ಯಾವುದೋ ಜಗಳದ ಮಧ್ಯೆ ಗೋಡೆ ಕಡೆ ತಿರುಗಿ ನಿಂತುಬಿಟ್ಟರು. ಗೌರತ್ತೆ ಆ ಮುನಿಸು ಇಳಿಯುವವರೆಗೂ ಅವರ ತಟ್ಟೆಗೆ ಬರೀ ಮುದ್ದೆ ಇಟ್ಟಳು, ಸಾರು ಬಿಡಲಿಲ್ಲ. ಕೊನೆಗೆ ಅಪ್ಪ ಎದುರಿಗೆ ಹೋಗಿ, ಮುಖ ಎತ್ತಿ ನಿಂತು, ಕೆನ್ನೆ ಕೆನ್ನೆ ಬಡಿದುಕೊಂಡ ಮೇಲೆ ಸಾರು ಬಂತು. ಮುಂದೆ ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಕಲಿಸುತ್ತಿದ್ದ ಸಿಸ್ಟರ್ "ಫೇಸ್ ಯುವರ್ ಆಡಿಯನ್ಸ್, ಚೈಲ್ಡ್" ಎಂದು ಎಲ್ಲ ಹುಡುಗಿಯರಿಗೂ ಹೇಳಿಹೇಳಿ ಸೋಲುವಾಗ, ನನಗೊಬ್ಬಳಿಗೆ ಅದನ್ನು ಹೇಳುವ ಅಗತ್ಯ ಬೀಳಲಿಲ್ಲ.

ನಮ್ಮ ಮಾತು ಅರ್ಧ ಕೈಯಲ್ಲಿ, ಅರ್ಧ ತುಟಿಯಲ್ಲಿ ನಡೆಯುತ್ತಿತ್ತು. ಅಪ್ಪ ಎಂದರೆ ಹಣೆಯ ಮೇಲೆ ಟೋಪಿ ಸರಿಮಾಡಿದ ಹಾಗೆ. ಅಜ್ಜಿ, ಅಂದರೆ ನನ್ನ ಅಮ್ಮನ ತಾಯಿ, ಕಿವಿಯ ತೂಕದ ಓಲೆಯನ್ನು ಜಗ್ಗಿದ ಹಾಗೆ. ನಾನು ಎಂದರೆ ಕೆನ್ನೆಗೆ ಒತ್ತಿದ ಒಂದು ಬೆರಳು, ನನ್ನ ಗುಳಿಯ ಗುರುತು. ಸರೋಜ ಎನ್ನುವ ಹೆಸರು ಎಲ್ಲೋ ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಲಂಗದ ಹಾಗೆ. ನನ್ನದೇ, ಆದರೆ ದಿನದ ಬಳಕೆಗಲ್ಲ. ಗೌರತ್ತೆ ನನ್ನ ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಿದ್ದುದರಿಂದ ನಾನು ಧ್ವನಿ ಖರ್ಚು ಮಾಡುತ್ತಲೇ ಇರಲಿಲ್ಲ. ಬಾಯಿ ಆಡಿಸುವುದು, ತುಟಿ ಸರಿಯಾಗಿ ಮಡಿಸುವುದು, ಅಷ್ಟು ಸಾಕಿತ್ತು. ಹಸಿವು, ಬೆಕ್ಕು, ಬಿದ್ದ ಗಾಯ, ಮಳೆ ಬಂತು, ಎಲ್ಲವನ್ನೂ ನಾನು ಅವಳ ಮುಖದ ಮುಂದೆ ನಿಶ್ಶಬ್ದವಾಗಿ, ತುಂಬ ಸ್ಪಷ್ಟವಾಗಿ ಹೇಳುತ್ತಿದ್ದೆ. ಬೆನ್ನ ಹಿಂದಿನಿಂದ ಬರುವ ಸದ್ದುಗಳು ಕೇಳುತ್ತಿದ್ದವು. ಆದರೆ ಅವು ಊರಿಗೆ ಸೇರಿದವು, ಮಿಲಿಟರಿ ಲಾರಿಯ ಹಾಗೆ, ಕಾಗೆಯ ಹಾಗೆ. ಮುಖದ ಮುಂದೆ ಬಂದದ್ದು ಮಾತ್ರ ನನಗೆ ಸೇರಿದ್ದು.

ಬೀದಿಗಿಳಿದರೆ ಗೌರತ್ತೆಗೆ ಹೆಸರಿರಲಿಲ್ಲ. ಮೂಗಿ ಎನ್ನುತ್ತಿದ್ದರು, ಪ್ರೀತಿ ಇದ್ದವರು ಮೂಗಮ್ಮ ಎನ್ನುತ್ತಿದ್ದರು. ತರಕಾರಿಯವನು ಅವಳ ಮುಖದ ಹತ್ತಿರಕ್ಕೆ ಬಾಯಿ ತಂದು ಅರಚುವನು. ಅರಚುವಾಗ ಬಾಯಿ ಸೊಟ್ಟಗಾಗಿ ಅವಳಿಗೆ ತುಟಿ ಇನ್ನೂ ತಿಳಿಯುತ್ತಿರಲಿಲ್ಲ. ಆಮೇಲೆ ಅವನು ಸೋತು, ಅವಳ ಸೆರಗು ಹಿಡಿದು ನಿಂತ ನನ್ನ ಕಡೆ ಬಗ್ಗುವನು.

"ಏಯ್ ಪಾಪ, ನಿಮ್ಮತ್ತೆಗೆ ಏನ್ ಬೇಕಂತೆ ಕೇಳು."

ಅಷ್ಟರಲ್ಲಿ ಗೌರತ್ತೆ ಎಳೆ ಬದನೆಕಾಯಿ ಆರಿಸಿ ಚೀಲಕ್ಕೆ ಹಾಕಿಕೊಂಡೂ ಆಗಿರುತ್ತಿತ್ತು. ಹುಡುಗರು ಹಿಂದಿನಿಂದ ಬಂದು ತಟ್ಟೆ ಬೀಳಿಸಿ, ಅವಳು ಬೆಚ್ಚುತ್ತಾಳೋ ಇಲ್ಲವೋ ಎಂದು ಪರೀಕ್ಷೆ ಮಾಡುವರು. ಹೆಂಗಸರದು ಇನ್ನೊಂದು ಥರ. ಅತ್ತೆಯ ಮೇಲಿನ ಸಿಟ್ಟು, ಗಂಡನ ಕುಡಿತ, ಹೊಟ್ಟೆಯಲ್ಲಿ ನಿಲ್ಲದ ಮಗು, ಎಲ್ಲವನ್ನೂ ನಮ್ಮ ಹಿತ್ತಿಲ ಕಟ್ಟೆಗೆ ಬಂದು ಅವಳ ಮುಂದೆ ಸುರಿದು ಹೋಗುವರು. "ಮೂಗಿ ಹತ್ರ ಹೇಳ್ಕೊಂಡ್ರೆ ಬಾವಿಗೆ ಹಾಕ್ದಂಗೆ" ಎನ್ನುವುದು ಅವರ ಲೆಕ್ಕಾಚಾರ. ಬಾವಿಯು ಒಂದೊಂದು ಮಾತನ್ನೂ ತುಟಿಯ ಮೇಲೇ ಓದಿಕೊಂಡು, ಯಾರಿಗೂ ಹೇಳದೆ, ಮಾರನೆಯ ದಿನ ಆ ಹೆಂಗಸಿನ ಮನೆಗೆ ಒಂದು ಬಟ್ಟಲು ಮೆಂತ್ಯದ ಗಂಜಿ ಕಳಿಸುತ್ತಿತ್ತು ಎನ್ನುವುದು ಅವರಿಗೆ ಹೊಳೆಯುತ್ತಲೇ ಇರಲಿಲ್ಲ.

ಬ್ಲ್ಯಾಕ್‌ಔಟಿನ ಸಂಜೆಗಳು ನಮ್ಮ ಮನೆಗೆ ಬೇರೆಯವರಿಗಿಂತ ಹೆಚ್ಚು ಕಷ್ಟದವು. ಕಿಟಕಿಯ ಗಾಜಿಗೆಲ್ಲ ಕಪ್ಪು ಕಾಗದ ಅಂಟಿಸಿ, ದೀಪಕ್ಕೆ ಮುಸುಕು ಹಾಕಿದರೆ ನಮ್ಮ ಮಾತೇ ನಿಂತುಹೋಗುತ್ತಿತ್ತು. ಒಂದು ಸಂಜೆ ಗೌರತ್ತೆ ನನ್ನ ಮುಖ ಕಾಣಲೆಂದು ಮುಸುಕನ್ನು ಒಂದಿಷ್ಟು ಸರಿಸಿದ್ದಳು. ಗಸ್ತಿನ ವಾರ್ಡನ್ ಹೊರಗಿನಿಂದ ಸೀಟಿ ಊದಿದ, ಕೂಗಿದ, ಬಾಗಿಲು ಒದ್ದ, ಕೊನೆಗೆ ಹಿತ್ತಿಲಿಂದ ಸೀದಾ ಅಡುಗೆಮನೆಗೇ ನುಗ್ಗಿಬಿಟ್ಟ.

"ಕಿವಿ ಕೇಳ್ಸಲ್ವೇನಮ್ಮಾ ನಿಂಗೆ?"

ಗೌರತ್ತೆ ಅವನ ತುಟಿ ನೋಡಿ, ಹೌದು ಎಂದು ಗಂಭೀರವಾಗಿ ತಲೆಯಾಡಿಸಿದಳು. ತನ್ನನ್ನು ಹಾಸ್ಯ ಮಾಡುತ್ತಿದ್ದಾಳೆಂದು ಅವನು ಕೆಂಡವಾದ. ಪಕ್ಕದ ಮನೆಯವರು ಓಡಿಬಂದು ತಿಳಿಸಿದ ಮೇಲೆ "ಅಯ್ಯೋ ಪಾಪ" ಎಂದು ಲೊಚಗುಟ್ಟಿ, ತನಗಿಂತ ದೊಡ್ಡವಳ ತಲೆಯನ್ನು ಮಗುವಿನ ತಲೆಯ ಹಾಗೆ ಸವರಿ ಹೋದ. ಬೈಗುಳದಿಂದ ಅಯ್ಯೋ ಪಾಪಕ್ಕೆ ದಾಟಲು ಅವನಿಗೆ ಒಂದು ಉಸಿರೂ ಹಿಡಿಯಲಿಲ್ಲ. ನಡುವೆ ಒಂದು ಸಾದಾ ಗುಡ್ ಈವ್ನಿಂಗ್ ಇಡುವಷ್ಟು ಜಾಗ ಇರಲಿಲ್ಲವೇ ಎಂದು ನಾನು ಈಗಲೂ ಯೋಚಿಸುತ್ತೇನೆ. ಈಗ ನನ್ನ ಕಿವಿಯೂ ಮಂದ. ಊಟದ ಮೇಜಿನಲ್ಲಿ ಎಲ್ಲರೂ ನಕ್ಕಾಗ ಏನೆಂದು ಕೇಳಿದರೆ, ನನ್ನ ಮಕ್ಕಳು, ಒಳ್ಳೆಯ ಮಕ್ಕಳೇ, "ಏನಿಲ್ಲ ಬಿಡಮ್ಮ" ಎನ್ನುತ್ತಾರೆ. ಆ "ಬಿಡು" ನನಗೆ ಹಳೆಯ ಪರಿಚಯ. ಹಲಸೂರಿನ ಬೀದಿಯಲ್ಲಿ ಗೌರತ್ತೆಯ ಸುತ್ತ ಅದು ನೊಣದ ಹಾಗೆ ಸುಳಿದಾಡುತ್ತಿತ್ತು.

ನನಗೆ ಸ್ಕೂಲಿನ ವಯಸ್ಸು ಹತ್ತಿರವಾಗುತ್ತಿದ್ದ ಆ ಚಳಿಗಾಲ, ಕೃಷ್ಣರಾಜಪುರದಿಂದ ಅಜ್ಜಿ ಮತ್ತು ಸೋದರಮಾವ ಗಾಡಿಯಲ್ಲಿ ಬಂದರು. ಅಲ್ಲಿ ಅವರಿಗೆ ಹೊಲ, ತೋಟ, ತುಂಬಿದ ಮನೆ. ಸೊಗಡಿನ ಅವರೆಕಾಯಿ ಮೂಟೆ ಕಟ್ಟಿಕೊಂಡು ಬಂದಿದ್ದರು. ಆ ವಾಸನೆ ನಡುಮನೆಗೆಲ್ಲ ಹರಡಿತು. ನೆನೆಸಿದ ಕಾಳಿನ ಸುತ್ತ ಕೂತು ಹಿತಕುತ್ತಿದ್ದೆವು. ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪಟ್ಟನೆ ಹಾರುತ್ತದೆ. ಮಾವನ ಮೂಗಿಗೆ ಒಂದು ತಾಗಿತೆಂದು ನಾನು ಸದ್ದಿಲ್ಲದೆ ನಗುತ್ತಿದ್ದೆ. ಅಜ್ಜಿ ನನ್ನ ಹಿಂದಿನಿಂದ "ಸರೋಜಾ, ಸರೋಜಾ" ಎಂದು ಕರೆದಳಂತೆ. ನಾನು ತಿರುಗಲಿಲ್ಲ. ಆಮೇಲೆ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಮಗ, ಯಾವಾಗ ಬತ್ತೀಯೇ ನಮ್ಮೂರ್ಗೆ? ಕರ ಹಾಕೈತೆ ಹಸ, ನೋಡಕಿಲ್ವಾ?"

ಕರು ಯಾವ ಬಣ್ಣ ಎಂದು ನಾನು ಕೇಳಿದೆ. ನನಗೆ ಚೆನ್ನಾಗಿ ನೆನಪಿದೆ, ಕೇಳಿದೆ. ತುಟಿಯನ್ನು ಅಚ್ಚುಕಟ್ಟಾಗಿ ಮಡಿಸಿ, ಮನೆಯ ಪದ್ಧತಿಯಂತೆ, ಧ್ವನಿಯಿಲ್ಲದೆ. ಅಜ್ಜಿಯ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಮತ್ತೆ ಕೇಳಿದಳು. ನಾನು ಇನ್ನೂ ದೊಡ್ಡದಾಗಿ ಬಾಯಿ ತೆರೆದು, ಇನ್ನೂ ನಿಶ್ಶಬ್ದವಾಗಿ ಹೇಳಿದೆ.

"ಅಯ್ಯೋ ನನ್ ಶಿವ್ನೇ! ಇದೂ ಮೂಗಿ ಆಗೋಯ್ತಲ್ಲೋ!"

ಮಾವ ಚಪ್ಪಾಳೆ ತಟ್ಟಿ ನೋಡಿದ. ನಾನೂ ಅವನಿಗೆ ತಿರುಗಿ ಚಪ್ಪಾಳೆ ತಟ್ಟಿದೆ, ಆಟವೆಂದುಕೊಂಡು. ಕಿವಿ ಇದೆ, ಮಾತಿಲ್ಲ ಎಂದು ತೀರ್ಮಾನವಾಯಿತು. ಆಮೇಲೆ ಅವರು ಗೌರತ್ತೆಯ ಎದುರಿಗೇ ಕೂತು, ಅವಳು ಅಲ್ಲಿಲ್ಲವೇ ಇಲ್ಲವೆನ್ನುವ ಹಾಗೆ ಮಾತಾಡಿದರು. ಅಪ್ಪ ಅವರ ಕಡೆ ಮುಖ ಮಾಡಿ ಕೂತಿದ್ದರು.

"ತಪ್ಪು ಅವಳ್ದಲ್ಲ ರಾಮಣ್ಣ. ಪಾಪದವ್ಳು. ಆದ್ರೆ ಮೂಗಿ ಕೈಲಿ ಬೆಳೆದ್ರೆ ಮಗೀಗೆ ಮಾತು ಎಲ್ಲಿಂದ ಬರಬೇಕು, ನೀನೇ ಯೋಳು" ಎಂದ ಮಾವ. "ಯುಗಾದಿಗೆ ಬತ್ತೀವಿ. ಅಷ್ಟೊತ್ಗೆ ಮಾತು ಬಂದಿದ್ರೆ ಇಲ್ಲೇ ಇರ್ಲಿ. ಇಲ್ಲಾಂದ್ರೆ ನಾವು ಕರ್ಕೊಂಡೋಗ್ತೀವಿ. ನಮ್ಮನೇಲಿ ಮಾತಿಗೇನು ಬರ?"

"ಆಯ್ತು ಭಾವ" ಎಂದರು ಅಪ್ಪ.

ಗೌರತ್ತೆ ಕಾಳು ಹಿತಕುವುದನ್ನು ನಿಲ್ಲಿಸಿರಲಿಲ್ಲ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಅಪ್ಪನನ್ನು ಕಿಟಕಿಯ ಬೆಳಕಿಗೆ ಎಳೆದು ನಿಲ್ಲಿಸಿದಳು. ಆ ಜಗಳದಲ್ಲಿ ಕೇಳಿಸಿದ್ದೆಂದರೆ ಬಳೆಯ ಸದ್ದು, ಅಪ್ಪನ ಉಸಿರು, ಒಂದು ಸಲ ನೆಲಕ್ಕೆ ಕುಕ್ಕಿದ ಲೋಟ, ಅಷ್ಟೇ. ಅವಳ ಕೈಗಳು ಹೇಳಿದ್ದನ್ನು ನಾನು ಮೂಲೆಯಿಂದ ನೋಡಿದೆ. ನನಗೆ ಆಗ ಅರ್ಥವಾದದ್ದು ಅರ್ಧ, ಆಮೇಲಿನ ವರ್ಷಗಳಲ್ಲಿ ಉಳಿದರ್ಧ. ಅಂಗೈಯನ್ನು ಹಣೆಗಿಟ್ಟಳು: ಜ್ವರ. ಕಿವಿ ಮುಟ್ಟಿ ಕೈ ಕೊಡವಿದಳು: ಹೋಯಿತು. ಆಮೇಲೆ ಬಾಯಿ ಮುಟ್ಟಿ, ಇಲ್ಲ ಎಂದು ತಲೆಯಾಡಿಸಿ, ಗೋಡೆಯ ಮೇಲಿದ್ದ ತಾತ ಮುತ್ತಜ್ಜಿಯರ ಫೋಟೋಗಳನ್ನೂ ಅಪ್ಪನನ್ನೂ ಸಾಲಾಗಿ ತೋರಿಸಿದಳು. ಜ್ವರ ತೆಗೆದುಕೊಂಡದ್ದು ಕಿವಿಯನ್ನು. ಮಾತನ್ನು ತೆಗೆದುಕೊಂಡವರು ನೀವು. ಕೇಳಿಸುವುದಿಲ್ಲವೆಂದ ದಿನದಿಂದ ಮನೆಯವರೆಲ್ಲ ಅವಳ ಹತ್ತಿರ ಮಾತಾಡುವುದನ್ನೇ ನಿಲ್ಲಿಸಿದ್ದರು. ಅವಳ ಬಾಯಿಂದ ಸದ್ದು ಬಂದರೆ ಶ್ ಎನ್ನುತ್ತಿದ್ದರು. ನಾಲಿಗೆಯ ಮೇಲಿದ್ದ ಒಂದೊಂದು ಮಾತೂ ಬಳಕೆಯಿಲ್ಲದೆ ಉದುರಿಹೋಗಿತ್ತು. ಮಾತು ಹೇಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಹೇಗೆ ಬರುತ್ತದೆ ಎನ್ನುವುದೂ ಗೊತ್ತಿತ್ತು. ಕೊನೆಗೆ ಬೆರಳನ್ನು ನನ್ನ ಕೆನ್ನೆಗೆ ಒತ್ತಿ, ಅದೇ ಬೆರಳಿನಿಂದ ನೆಲ ತೋರಿಸಿದಳು. ಇವಳು ಇಲ್ಲೇ.

ಮಾರನೆಯ ಬೆಳಗ್ಗೆ ಒಂದು ಕೈಯಲ್ಲಿ ಬಸ್ಸಾರಿನ ತಪ್ಪಲೆ, ಇನ್ನೊಂದು ಕೈಯಲ್ಲಿ ನಾನು. ಹೋದದ್ದು ಗಲ್ಲಿಯ ಕೊನೆಯಲ್ಲಿದ್ದ ಡಾಲಿ ಆಂಟಿಯ ಮನೆಗೆ. ಡಾಲಿ ಆಂಟಿ ಆಂಗ್ಲೋ ಇಂಡಿಯನ್ ವಿಧವೆ, ಫ್ರಾಕು ಹೊಲಿಯುವವಳು, ಕೇಳುವವರಿಲ್ಲದಿದ್ದರೆ ಹೊಲಿಗೆ ಮೆಷೀನಿನ ಜೊತೆಗಾದರೂ ಮಾತಾಡುವವಳು. ಗೌರತ್ತೆ ತಪ್ಪಲೆಯನ್ನು ಮೇಜಿನ ಮೇಲಿಟ್ಟು, ನನ್ನನ್ನು ಬೆತ್ತದ ಸ್ಟೂಲಿನ ಮೇಲೆ ಕೂರಿಸಿ, ಡಾಲಿ ಆಂಟಿಯ ಬಾಯಿ ಮುಟ್ಟಿ, ನನ್ನ ಕಿವಿ ಮುಟ್ಟಿದಳು. ಆಮೇಲೆ ನನ್ನ ಬಾಯಿ ಮುಟ್ಟಿ, ಆಂಟಿಯ ಕಿವಿ ಮುಟ್ಟಿದಳು. ಸೊಂಟದಿಂದ ಒಂದು ಇದ್ದಿಲ ಚೂರು ತೆಗೆದು, ಕಿಟಕಿಯ ನೆರಳು ಬೀಳುವ ಬಿಳಿ ಗೋಡೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು. ದಿನವೂ ನೆರಳು ಇಲ್ಲಿಗೆ ಬರುವವರೆಗೆ ಇವಳ ಜೊತೆ ಮಾತಾಡು.

"ಮೈ ವಾಲ್!" ಎಂದು ಡಾಲಿ ಆಂಟಿ ಚೀರಿದಳು. "ಗೌರೀ, ಯೂ ಮ್ಯಾಡ್ ವುಮನ್, ಲಾಸ್ಟ್ ಕ್ರಿಸ್‌ಮಸ್ಸಿಗೆ ಸುಣ್ಣ ಬಳ್ಸಿದ್ದು!" ಆಮೇಲೆ ತಪ್ಪಲೆಯ ಮುಚ್ಚಳ ಎತ್ತಿ ಮೂಸಿದಳು. "ಪೆಪ್ಪರ್ ವಾಟರ್ ಥರಾನೇ ಇದೆ, ಬಟ್ ಬೆಟರ್. ಆಲ್ ರೈಟ್. ಕಮ್ ಹಿಯರ್, ಸ್ಯಾರೋ. ಇದು ಏನು ಹೇಳು? ಇದು ಬಟನ್. ಸೇ ಬಟನ್."

ಮಧ್ಯಾಹ್ನಗಳು ಅದೇ ಗಲ್ಲಿಯ ಉರ್ದು ಮಾತಿನ ನೆರೆಯವರು, ಜುಲೇಖಾ ಖಾಲಾಗೆ. ಅವರ ಮನೆಯಲ್ಲಿ ಸೋಲ್ಜರುಗಳ ಅಂಗಿಗೆ ಗುಂಡಿ ಹೊಲಿಯುವ ಕಂಟ್ರಾಕ್ಟ್ ಕೆಲಸ, ಖಾಕಿ ಅಂಗಿಗಳ ಗುಡ್ಡೆ ಸೂರಿನವರೆಗೂ. ಗೌರತ್ತೆ ನನ್ನನ್ನು ಅಲ್ಲಿ ಬಿಟ್ಟು, ಒಂದು ಗಂಟು ಅಂಗಿ ಎತ್ತಿಕೊಂಡು ಬಂದು, ಮನೆಯಲ್ಲಿ ಕೂತು ಗುಂಡಿ ಹೊಲಿದುಕೊಡುವಳು. ಕೂಲಿ ಬೇಡ, ಮಾತು ಬೇಕು. ಖಾಲಾಗೆ ಮೊದಲು ಈ ವ್ಯಾಪಾರ ನಂಬಿಕೆಯಾಗಲಿಲ್ಲ.

"ಹೌ ಮಾ, ಬಾತಾಂ ಕರ್‌ನಾ ಇತ್ತಾಚ್? ಬರೀ ಮಾತಾಡಿದ್ರೆ ಸಾಕಾ?" ಎಂದು ನಕ್ಕು, ನನ್ನ ಗಲ್ಲ ಹಿಂಡುತ್ತಿದ್ದರು. "ಚುಪ್ ನಕ್ಕೋ ಬೈಠ್ ಗೇ, ಸುಮ್ನೆ ಕೂರ್ಬೇಡ, ಕುಚ್ ತೋ ಬೋಲ್. ನಿಮ್ಮನೆ ಬೆಕ್ಕು ಏನ್ ತಿಂತು ಹೇಳು."

ಹೀಗೆ ನನ್ನ ಮಾತು ಮನೆಮನೆಯಿಂದ ಕಡ ತಂದ ಹಿಟ್ಟಿನ ಹಾಗೆ, ಬಣ್ಣ ಬಣ್ಣದ್ದು ಬಂದು ಸೇರಿತು. ಬೀದಿಯವರಿಗೆ ಇದು ತಮಾಷೆಯಾಯಿತು. "ಮೂಗಿ ಮಾತು ಕೊಂಡ್ಕೊಳಾಕ್ ಹೊಂಟವ್ಳೆ" ಎಂದು ನೀರಿನ ನಲ್ಲಿಯ ಹತ್ತಿರ ನಗುತ್ತಿದ್ದರು, ಅವಳ ಎದುರಿಗೇ. ಅವಳು ಆ ನಗುವನ್ನೂ ನೋಡಿಕೊಂಡು, ಕೊಡ ಸೊಂಟಕ್ಕೇರಿಸಿ ಬರುತ್ತಿದ್ದಳು. ಸಂಜೆ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ಅಂಗೈಯನ್ನು ನನ್ನ ಗಂಟಲ ಮೇಲಿಟ್ಟು, ಗಲ್ಲ ಎತ್ತುವಳು. ಅದರರ್ಥ: ಹೇಳು. ನಾನು ಬಟನ್ ಎನ್ನುವೆ, ಬಿಲ್ಲಿ ಎನ್ನುವೆ, ಕುದುರೆ ಗಾಡಿ ಎನ್ನುವೆ. ಗಂಟಲು ಅದುರಿದರೆ ಅವಳ ಹುಬ್ಬು ಮೇಲೇರುವುದು. ಅದುರದಿದ್ದರೆ, ಅಂದರೆ ನಾನು ಮೋಸಮಾಡಿ ಬರೀ ತುಟಿ ಆಡಿಸಿದರೆ, ಮೂಗಿನ ತುದಿಗೆ ಒಂದು ಚಿಟಿಕೆ. ಡಾಲಿ ಆಂಟಿಯ ಮನೆಯಲ್ಲಿ ನಾನು ಚ್ಯಾಟರ್‌ಬಾಕ್ಸ್ ಆಗಿದ್ದೆ. ಖಾಲಾ ಮನೆಯಲ್ಲಿ ಬೆಕ್ಕಿನ ವಿಷಯ ಬಿಟ್ಟು ಉಳಿದೆಲ್ಲವನ್ನೂ ಹೇಳುತ್ತಿದ್ದೆ. ಆದರೆ ಒಂದು ಸಂಗತಿ ಯಾರ ಗಮನಕ್ಕೂ ಬಂದಿರಲಿಲ್ಲ. ಗಂಟಲ ಮೇಲೆ ಕೈಯಿಲ್ಲದಾಗ, ಗೌರತ್ತೆಯ ಮುಖ ಎದುರಿಗಿದ್ದರೆ ಸಾಕು, ಸ್ವಿಚ್ಚು ಒತ್ತಿದ ಹಾಗೆ ನನ್ನ ಧ್ವನಿ ತಾನಾಗಿ ಆರಿಹೋಗುತ್ತಿತ್ತು. ಅವಳಿಗೆ ಅದು ತಿಳಿಯುವ ದಾರಿಯಿರಲಿಲ್ಲ. ಕಿವಿ ಕೇಳುವವರ ಮನೆಗಳಲ್ಲಿ ಅವಳು ನಿಲ್ಲುತ್ತಲೇ ಇರಲಿಲ್ಲವಲ್ಲ.

ಯುಗಾದಿಯ ದಿನ ಗಾಡಿ ಬಂದು ನಿಂತಿತು. ಮನೆಯ ತುಂಬ ಹೋಳಿಗೆಯ ಕಂಪು, ಬಾಗಿಲಿಗೆ ಮಾವಿನೆಲೆ. ಗೌರತ್ತೆ ನನಗೆ ಎಣ್ಣೆ ನೀರು ಹಾಕಿ, ಪೆಟ್ಟಿಗೆಯಿಂದ ಆ ರೇಷ್ಮೆ ಲಂಗ ತೆಗೆದು ಉಡಿಸಿದ್ದಳು. ಅಪ್ಪ ಅಂದು ಬೆಳಗಿನಿಂದ ಯಾರ ಜೊತೆಯೂ ಸರಿಯಾಗಿ ಮಾತಾಡಿರಲಿಲ್ಲ. ಅಜ್ಜಿಯ ಗಂಟಿನಲ್ಲಿ ನನಗೆಂದು ಹೊಸ ಲಂಗ, ಗಂಟಿನ ಪಕ್ಕದಲ್ಲಿ ಒಂದು ಚಿಕ್ಕ ಟ್ರಂಕು ಕೂಡ ಇತ್ತು. ಖಾಲಿ ಟ್ರಂಕು. ನನ್ನ ಬಟ್ಟೆ ತುಂಬಿಕೊಂಡು ಹೋಗಲು ತಂದದ್ದು. ಗೌರತ್ತೆ ಅದನ್ನು ನೋಡಿದಳು. ಬೇವುಬೆಲ್ಲ ಕೊಟ್ಟಾದ ಮೇಲೆ ಮಾವ ನಡುಮನೆಯ ಚಾಪೆಯ ಮೇಲೆ ಕೂತು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡ. ಗೌರತ್ತೆ ಅಡುಗೆಮನೆಯ ಬಾಗಿಲಲ್ಲಿ, ಅವನ ಹೆಗಲ ಹಿಂದೆ, ನನಗೆ ಸರಿಯಾಗಿ ಕಾಣುವ ಹಾಗೆ ನಿಂತಿದ್ದಳು.

"ಎಲ್ಲಿ ಮಗ, ಇವ್ರು ಯಾರು ಯೋಳು ನೋಡಾನ?" ಎಂದು ಮಾವ ಅಜ್ಜಿಯ ಕಡೆ ಕೈ ತೋರಿಸಿದ.

ನಾನು ಗೌರತ್ತೆಯನ್ನು ನೋಡಿ, ಅಜ್ಜಿ ಎಂದೆ. ತುಟಿಯಲ್ಲಿ.

"ಹೆದರ್ಕೋಬೇಡ ಕಣವ್ವ. ಯೋಳು."

ಅಜ್ಜಿ, ಅಜ್ಜಿ, ಅಜ್ಜಿ. ಗೌರತ್ತೆಯ ಮುಖ ಗೆಲುವಾಯಿತು. ಅವಳಿಗೆ ಮಾತು ಕಾಣುತ್ತಿತ್ತು. ಅಜ್ಜಿಯ ಕಣ್ಣು ತುಂಬಿತು. ಅವಳಿಗೆ ಮಾತು ಕೇಳುತ್ತಿರಲಿಲ್ಲ.

"ಇವಳು ದಿನಾ ಮಾತಾಡ್ತಾಳೆ ಭಾವ, ಬೀದಿ ತುಂಬಾ ಮಾತಾಡ್ತಾಳೆ" ಎಂದರು ಅಪ್ಪ, ಹಣೆಯ ಬೆವರು ಒರೆಸಿಕೊಂಡು. "ಮಗಳೇ, ಏನಾಯ್ತೇ ನಿಂಗೆ?"

"ಯಾಕಪ್ಪ ಸುಮ್ಕೆ. ಕಣ್ಣಾರೆ ಕಾಣ್ತೈತಲ್ಲ" ಎಂದ ಮಾವ, ಸಿಟ್ಟಿನಿಂದಲ್ಲ, ನಿಜವಾಗಿಯೂ ನೊಂದು. "ಅವ್ವ, ಬಟ್ಟೆ ತುಂಬ್ಕೋ."

ಗೌರತ್ತೆ ಎಲ್ಲರ ಮುಖಗಳನ್ನೂ ಒಂದಾದ ಮೇಲೊಂದು ನೋಡಿದಳು. ಏನೋ ತಪ್ಪಿದೆ ಎಂದು ತಿಳಿದು, ಅಂಗೈ ಮುಂದೆ ಮಾಡಿಕೊಂಡು ನನ್ನ ಗಂಟಲ ಕಡೆ ಬಂದಳು. ಮಾವ ಕೈ ಅಡ್ಡ ಹಿಡಿದು, ದೂರ ನಿಲ್ಲು ಎಂದು ಸನ್ನೆ ಮಾಡಿದ. ಅವಳು ಹೊಸ್ತಿಲಿಗೇ ಹಿಂದೆ ಸರಿದು ನಿಂತಳು. ನನ್ನ ತುಟಿ ನೋಡಿದಳು. ನಾನು ಈಗ ಅವಳಿಗೇ ಹೇಳುತ್ತಿದ್ದೆ, ಅತ್ತೆ ನಾನು ಹೋಗಲ್ಲ, ಅತ್ತೆ ನಾನು ಹೋಗಲ್ಲ ಎಂದು. ಅವಳು ನನ್ನ ಕಣ್ಣು ಎಲ್ಲಿ ನೆಟ್ಟಿದೆ ಎಂದು ನೋಡಿದಳು. ಆಗ ಅವಳಿಗೆ ಅರ್ಥವಾಯಿತು. ಅದನ್ನು ನಾನು ಅವಳ ಮುಖದ ಮೇಲೆ ನೋಡಿದೆ; ಯಾರೋ ದೀಪದ ಬತ್ತಿ ಇಳಿಸಿದ ಹಾಗಿತ್ತು.

ಗೌರತ್ತೆ ಬೆನ್ನು ತಿರುಗಿಸಿದಳು.

ಹೊಸ್ತಿಲ ಮೇಲೆ, ನನ್ನ ಮಾತಿನ ಮಧ್ಯದಲ್ಲಿ, ಅಡುಗೆಮನೆಯ ಗೋಡೆಗೆ ಮುಖ ಮಾಡಿ, ಸೆರಗನ್ನು ಭುಜದ ಮೇಲೆ ಬಿಗಿಯಾಗಿ ಹೊದ್ದು ನಿಂತುಬಿಟ್ಟಳು. ಆ ಮನೆಯಲ್ಲಿ ಯಾರೂ ನನಗೆ ಹೊಡೆದಿರಲಿಲ್ಲ; ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ನನ್ನ ಎದುರಿಗೆ ಇದ್ದಕ್ಕಿದ್ದಂತೆ ಒಂದು ಜಡೆ, ಒಂದು ಬಿಗಿದ ಸೆರಗು, ಅಷ್ಟೇ ಉಳಿಯಿತು. ನಾನು ತುಟಿ ಆಡಿಸಿದೆ. ಬೆನ್ನು ಅಲ್ಲಾಡಲಿಲ್ಲ. ಇನ್ನೊಮ್ಮೆ ಆಡಿಸಿದೆ. ಆಮೇಲೆ ಕೂಗಿದೆ.

"ಅತ್ತೇ!"

ಮಾಡಿನ ಮೇಲಿದ್ದ ಪಾರಿವಾಳಗಳು ಎದ್ದು ಹಾರಿದವು ಎಂದು ಅಪ್ಪ ಆಮೇಲೆ ಎಲ್ಲರಿಗೂ ಹೇಳುತ್ತಿದ್ದರು.

"ಅತ್ತೇ, ಈಕಡೆ ತಿರುಗು! ಇಧರ್ ದೇಖೋ ನಾ! ಲುಕ್ ಅಟ್ ಮೀ! ನಾನ್ ಹೋಗಲ್ಲ, ಟ್ರಂಕು ನಕ್ಕೋ, ನಂಗೆ ಕರಾನೂ ಬೇಡ, ಅತ್ತೇ ತಿರುಗೇ!"

ಗಲ್ಲಿಯ ಕೊನೆಯಿಂದ "ವಾಟ್ ಹ್ಯಾಪನ್ಡ್, ಸ್ಯಾರೋ?" ಎನ್ನುವ ಡಾಲಿ ಆಂಟಿಯ ಕೂಗು ಬಂತು. ಅಪ್ಪ ಗೋಡೆಗೊರಗಿ ಕೂತುಬಿಟ್ಟರು. ಅಜ್ಜಿ ಅಳುತ್ತ ನಗುತ್ತ ನನ್ನ ಬಾಯಿಯನ್ನು ತನ್ನ ಕೈಯಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಮಾವ ಮಾತ್ರ ಇನ್ನೂ ಸೋಲಲಿಲ್ಲ.

"ಇದೆಂಥ ಭಾಷೆಯೋ, ಮೂರೂರಿನ ಕಲಬೆರಕೆ. ಮಾತೇನೋ ಬಂತು ಅನ್ನು, ಆದ್ರೂವೆ..."

"ಸುಮ್ಕಿರ್ಲಾ" ಎಂದಳು ಅಜ್ಜಿ. "ಕೂಗ್ತು. ನನ್ ಕಿವೀಲಿ ಕೇಳ್ದೆ."

ಇಷ್ಟೆಲ್ಲ ಗದ್ದಲದಲ್ಲಿ ಗೌರತ್ತೆಯೊಬ್ಬಳು ಹಾಗೇ ನಿಂತಿದ್ದಳು. ಅವಳ ಬೆನ್ನಿಗೆ ಏನೂ ತಿಳಿದಿರಲಿಲ್ಲ. ನಾನು ಕೂಗಿದೆನೋ ಇಲ್ಲವೋ, ಟ್ರಂಕು ತುಂಬುತ್ತಿದೆಯೋ ಇಲ್ಲವೋ, ಅವಳಿಗೆ ಗೊತ್ತಾಗುವುದು ತಿರುಗಿದರೆ ಮಾತ್ರ. ತಿರುಗಿದರೆ ನನ್ನ ಧ್ವನಿ ಮತ್ತೆ ಆರಿಹೋದೀತೆಂದು ಅವಳು ತಿರುಗಲಿಲ್ಲ. ಬೆರಳುಗಳು ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದು ಬೆಳ್ಳಗಾಗಿದ್ದವು.

ಅಪ್ಪ ಏಳುವ ಮೊದಲೇ ಅಜ್ಜಿ ಎದ್ದಳು. ನಾನು ಹುಟ್ಟಿದಾಗಿನಿಂದ ಅಜ್ಜಿ ನಮ್ಮ ಮನೆಗೆ ಬಂದಾಗಲೆಲ್ಲ "ಅವಳಿಗೆ ನೀರು ಕೊಡಾಕೆ ಯೋಳು, ಅವಳಿಗೆ ಎಲೆ ಹಾಕಾಕೆ ಯೋಳು" ಎಂದು ಅಪ್ಪನಿಗೋ ಗಾಳಿಗೋ ಹೇಳಿದವಳು. ಗೌರತ್ತೆಯ ಮುಖ ನೋಡಿ ಒಂದು ಮಾತೂ ಆಡಿದವಳಲ್ಲ. ಈಗ ಮಂಡಿ ಹಿಡಿದುಕೊಂಡು ಹೊಸ್ತಿಲು ದಾಟಿ, ಗೌರತ್ತೆಯನ್ನು ಸುತ್ತಿಕೊಂಡು ಅಡುಗೆಮನೆಯ ಒಳಗೆ ಹೋಗಿ, ಅವಳ ಎದುರಿಗೆ, ಒಲೆಯ ಬೆಳಕಿಗೆ ಮುಖ ಕೊಟ್ಟು ನಿಂತಳು. ಅರಚಲಿಲ್ಲ. ಬಾಯಿ ಸೊಟ್ಟ ಮಾಡಲಿಲ್ಲ.

"ಮಾತಾಡ್ತು ಕಣವ್ವ, ಗೌರಿ. ನಿನ್ ಕೂಸು ಮಾತಾಡ್ತು."

ಗೌರತ್ತೆ ಅಜ್ಜಿಯ ತುಟಿಯನ್ನು ನೋಡಿದಳು, ಮಾತು ಮುಗಿದ ಮೇಲೂ ನೋಡಿದಳು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿ, ಮೊಣಕಾಲೂರಿ ಕೂತು, ಹೋಳಿಗೆಯ ಹಿಟ್ಟು ಮೆತ್ತಿದ್ದ ಅಂಗೈಯನ್ನು ನನ್ನ ಗಂಟಲ ಮೇಲಿಟ್ಟು ಗಲ್ಲ ಎತ್ತಿದಳು. ಎಲ್ಲರೂ ಕೇಳಿಯಾಗಿತ್ತು, ಅವಳೊಬ್ಬಳದು ಬಾಕಿಯಿತ್ತು.

"ಅತ್ತೆ" ಎಂದೆ.